ಪಾಠ ಹೇಳುವುದು, ಪಾಠ ಒಪ್ಪಿಸುವುದು: ಶಾಲೆ ಮುಚ್ಚಿದ ಕಾಲದ ಕಲಿಕೆಯ ವಿಚಾರ

ಶಾಲೆಯ ವ್ಯವಹಾರವನ್ನು ಹೇಳುವುದಕ್ಕೆ ಕನ್ನಡದಲ್ಲಿ ಎರಡು ಮಾತುಗಳು ಬಹುಕಾಲದಿಂದ ಬಳಕೆಯಲ್ಲಿವೆ. ಉಪಾಧ್ಯಾಯರು ‘ಪಾಠ ಹೇಳುತ್ತಾರೆ’. ಹುಡುಗರು ‘ಪಾಠ ಒಪ್ಪಿಸುತ್ತಾರೆ’. ಒಪ್ಪಿಸುವುದೆಂದರೆ ಉರುಹೊಡೆದುದನ್ನು ನುಡಿಯುವುದಷ್ಟೇ ಅಲ್ಲ. ಕೈಗೆ ಬಂದ ವಸ್ತುವನ್ನು ಕೊಟ್ಟವರ ಮುಂದೆ ಕೆಡದಂತೆ ತಂದಿಡುವುದು ಎಂಬ ಅರ್ಥವೂ ಆ ಶಬ್ದದಲ್ಲಿ ಅಡಗಿದೆ. ಕೂಲಿಮಠದ ಐಗಳು ಬೆಳಿಗ್ಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಸಂಜೆ ಮಗ್ಗಿಯನ್ನು ಒಪ್ಪಿಸಿಕೊಳ್ಳದೆ ಹುಡುಗರನ್ನು ಮನೆಗೆ ಬಿಡುತ್ತಿರಲಿಲ್ಲ. ಆ ಮಠಗಳಲ್ಲಿ ಬೆತ್ತದ ಆಳ್ವಿಕೆ ಹೆಚ್ಚಾಗಿತ್ತು, ಅರ್ಥಕ್ಕಿಂತ ಬಾಯಿಪಾಠಕ್ಕೆ ಬೆಲೆಯಿತ್ತು, ಊರಿನ ಮಕ್ಕಳಲ್ಲಿ ಅನೇಕರಿಗೆ, ಹೆಣ್ಣುಮಕ್ಕಳಿಗಂತೂ, ಅಲ್ಲಿ ಪ್ರವೇಶವೇ ದುರ್ಲಭವಾಗಿತ್ತು. ಅವುಗಳನ್ನು ಹಾಡಿ ಹೊಗಳುವುದು ನನ್ನ ಉದ್ದೇಶವಲ್ಲ. ಆದರೆ ಹೇಳುವುದು, ಒಪ್ಪಿಸಿಕೊಳ್ಳುವುದು ಎಂಬ ಎರಡು ಕ್ರಿಯೆಗಳು ಕೂಡಿದಾಗಲೇ ಪಾಠವಾಯಿತೆಂಬ ತಿಳಿವಳಿಕೆ ಆ ಐಗಳಿಗಿತ್ತು. ಶಾಲೆ ಮುಚ್ಚಿದಾಗ ಮಕ್ಕಳ ವಿದ್ಯೆಯನ್ನು ಮುಂದುವರಿಸುವ ಉಪಾಯಗಳನ್ನು ಪರಿಶೀಲಿಸುವವರು ಈ ಭೇದವನ್ನು ಕೈಬಿಟ್ಟರೆ ವಿಚಾರವೆಲ್ಲ ದಾರಿ ತಪ್ಪುತ್ತದೆಂಬುದೇ ಈ ಲೇಖನದ ಪ್ರತಿಪಾದನೆ.

ಶಾಲೆ ಮುಚ್ಚುವುದು ಹೊಸ ಸಂಗತಿಯೇನೂ ಅಲ್ಲ. 1896ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗು 1898ರಲ್ಲಿ ಬೆಂಗಳೂರನ್ನೂ ಮೈಸೂರನ್ನೂ ಹಿಡಿಯಿತು. ಪ್ಲೇಗು ಬಂದಿತೆಂದರೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲ ಅದು. ನಮ್ಮ ಹಿರಿಯರ ಮನೆಮಾತಿನಲ್ಲಿ ಆ ಗುಡಿಸಲುಗಳ ನೆನಪು ಬಹಳ ವರ್ಷ ಉಳಿದಿತ್ತು. ಅಲ್ಲಿ ಮಕ್ಕಳ ಓದು ಏನಾಯಿತೆಂಬ ನೆನಪು ಮಾತ್ರ ವಿರಳ. ಇತ್ತೀಚಿನ ದಿನಗಳಿಗೆ ಬಂದರೆ, ಈ ಪತ್ರಿಕೆಯ ವಾಚಕರು ನೆಲಸಿರುವ ನಗರಗಳೇ ಸಾಕಷ್ಟು ಉದಾಹರಣೆಗಳನ್ನು ಒದಗಿಸುತ್ತವೆ. 2009ರ ಆಗಸ್ಟಿನಲ್ಲಿ ಹಂದಿಜ್ವರದ ಭಯದಿಂದ ಪುಣೆಯ ಶಾಲೆಗಳೂ ಮುಂಬಯಿಯ ಶಾಲೆಗಳೂ ಬಾಗಿಲು ಹಾಕಿದವು. 2015ರ ನವೆಂಬರ್ ಡಿಸೆಂಬರುಗಳ ಮಳೆಯಲ್ಲಿ ಚೆನ್ನೈಯ ಮಕ್ಕಳು ವಾರಗಟ್ಟಲೆ ಶಾಲೆ ಕಾಣಲಿಲ್ಲ. 2023 ಮತ್ತು 2024ರ ನವೆಂಬರಿನಲ್ಲಿ ದೆಹಲಿಯ ವಿಷಗಾಳಿಯೇ ಮಕ್ಕಳನ್ನು ಮನೆಯಲ್ಲಿ ಕೂಡಿಹಾಕಿತು. ಇವೆಲ್ಲಕ್ಕೂ ಮಿಗಿಲಾದುದು 2020ರ ಮಾರ್ಚಿನಲ್ಲಿ ಆರಂಭವಾದ ದೀರ್ಘ ವಿರಾಮ. ಭಾರತದಲ್ಲಿ ಸುಮಾರು 15 ಲಕ್ಷ ಶಾಲೆಗಳು, 24 ಕೋಟಿಗೂ ಮಿಕ್ಕ ಮಕ್ಕಳು ಅದಕ್ಕೆ ಒಳಗಾದರು. ಕೆಲವು ರಾಜ್ಯಗಳ ಪ್ರಾಥಮಿಕ ಶಾಲೆಗಳು ಒಂದೂವರೆ ವರ್ಷಕ್ಕೂ ಮೀರಿ ತೆರೆಯಲಿಲ್ಲ.

ಇಂಥ ಸಂದರ್ಭ ಬಂದೊಡನೆ ಆಡಳಿತಗಾರರೂ ವಿದ್ಯಾವಂತರೂ ಕೇಳುವ ಮೊದಲ ಪ್ರಶ್ನೆ ಸಾಧನದ್ದು: ಬಾನುಲಿಯೋ, ದೂರದರ್ಶನವೋ, ಅಂಚೆಯೋ, ಅಂತರ್ಜಾಲವೋ? ಈ ಪ್ರಶ್ನೆ ಅನಾವಶ್ಯಕವೆಂದು ಹೇಳಲಾಗದು. ಆದರೆ ಇದು ಪಾಠ ಹೇಳುವ ಅರ್ಧಕ್ಕೆ ಮಾತ್ರ ಸಂಬಂಧಿಸಿದ್ದು. ಉಳಿದರ್ಧದ ಪ್ರಶ್ನೆ ಬೇರೆ: ಮಗು ಯಾರಿಗೆ ಒಪ್ಪಿಸಬೇಕು? ಅದು ತಪ್ಪಿದರೆ ತಿದ್ದುವವರು ಯಾರು? ಕಳೆದ ಶತಮಾನದ ಕೆಲವು ಪ್ರಯೋಗಗಳನ್ನು ಈ ದೃಷ್ಟಿಯಿಂದ ನೋಡುವುದು ಪ್ರಯೋಜನಕರ.

1937ರ ಬೇಸಗೆಯ ಕೊನೆಯಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಪೋಲಿಯೊ ಹಬ್ಬಿತು. ಸೆಪ್ಟೆಂಬರಿನಲ್ಲಿ ತೆರೆಯಬೇಕಾಗಿದ್ದ ಶಾಲೆಗಳನ್ನು ಸುಮಾರು ಮೂರು ವಾರಗಳ ಕಾಲ ಮುಚ್ಚಿಡಬೇಕಾಯಿತು. ಆಗ ಅಲ್ಲಿನ ಶಾಲೆಗಳ ಮೇಲಧಿಕಾರಿಯಾಗಿದ್ದ ವಿಲಿಯಂ ಜಾನ್ಸನ್ ಎಂಬವರು ಬಾನುಲಿಯ ಮೂಲಕ ಪಾಠ ನಡೆಸುವ ಏರ್ಪಾಡು ಮಾಡಿದರು. ನಗರದ ಆರು ಬಾನುಲಿ ಕೇಂದ್ರಗಳು ಶುಲ್ಕವಿಲ್ಲದೆ ಸಮಯ ಕೊಟ್ಟವು. 3ನೆಯ ತರಗತಿಯಿಂದ 8ನೆಯ ತರಗತಿಯವರೆಗಿನ ಸುಮಾರು 3,15,000 ಮಕ್ಕಳನ್ನು ಉದ್ದೇಶಿಸಿದ ಯೋಜನೆ ಅದು. ಪಾಠಗಳು ಗಿಡ್ಡವಾಗಿದ್ದವು. ಸೋಮವಾರ, ಬುಧವಾರ, ಶುಕ್ರವಾರಗಳು ಸಮಾಜಶಾಸ್ತ್ರ ಮತ್ತು ವಿಜ್ಞಾನಕ್ಕೆ. ಮಂಗಳವಾರ, ಗುರುವಾರ, ಶನಿವಾರಗಳು ಇಂಗ್ಲಿಷ್ ಮತ್ತು ಗಣಿತಕ್ಕೆ. ಯಾವ ತರಗತಿಗೆ ಯಾವ ಹೊತ್ತಿನಲ್ಲಿ ಯಾವ ಕೇಂದ್ರದಿಂದ ಪಾಠವೆಂಬುದನ್ನೂ, ಮಕ್ಕಳು ಮಾಡಬೇಕಾದ ಅಭ್ಯಾಸಗಳನ್ನೂ ಬೆಳಗಿನ ವೃತ್ತಪತ್ರಿಕೆಗಳು ಅಚ್ಚುಮಾಡುತ್ತಿದ್ದವು.

ಇಲ್ಲಿಯವರೆಗಿನದು ಹೇಳುವ ಅರ್ಧ. ಷಿಕಾಗೋದವರ ಬುದ್ಧಿವಂತಿಕೆ ಕಾಣುವುದು ಮುಂದಿನ ಅರ್ಧದಲ್ಲಿ. ಶಾಲಾ ಮಂಡಲಿಯ ಕಚೇರಿಯಲ್ಲಿ ದೂರವಾಣಿಗಳ ಬಳಿ ಉಪಾಧ್ಯಾಯರನ್ನು ಕುಳ್ಳಿರಿಸಿ, ತಾಯ್ತಂದೆಯರು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡಿಸಿದರು. ಕರೆಗಳು ಎಷ್ಟು ಬಂದವೆಂದರೆ ಇನ್ನಷ್ಟು ಉಪಾಧ್ಯಾಯರನ್ನು ಅದೇ ಕೆಲಸಕ್ಕೆ ಹಚ್ಚಬೇಕಾಯಿತು. ಮನೆಯಲ್ಲಿ ಮಾಡಿದ ಅಭ್ಯಾಸಗಳನ್ನು ಶಾಲೆ ತೆರೆದ ಮೇಲೆ ಮಕ್ಕಳು ತಂದು ತೋರಿಸಬೇಕೆಂದು ಗೊತ್ತುಮಾಡಿದರು. ಹಾಗಿದ್ದೂ ದೂರುಗಳು ತಪ್ಪಲಿಲ್ಲ. ಬಾನುಲಿಯಿಲ್ಲದ ಮನೆಗಳಿದ್ದವು, ಇದ್ದ ಕೆಲವು ಕಡೆ ಧ್ವನಿ ಸರಿಯಾಗಿ ಕೇಳುತ್ತಿರಲಿಲ್ಲ, ಪಾಠದ ಓಟ ಮಂದಗತಿಯ ಮಕ್ಕಳಿಗೆ ಅತಿಯಾಯಿತು. ಬಾನುಲಿಗೆ ಕಣ್ಣಿಲ್ಲ. ತರಗತಿಯಲ್ಲಿ ಹುಡುಗನ ಮುಖ ನೋಡಿಯೇ ‘ಇವನಿಗೆ ತಿಳಿಯಲಿಲ್ಲ’ ಎಂದು ಅರಿಯುವ ಉಪಾಧ್ಯಾಯ, ಧ್ವನಿವರ್ಧಕದ ಮುಂದೆ ಕುಳಿತಾಗ ಕುರುಡನಾಗುತ್ತಾನೆ. ಮೂರು ವಾರಗಳ ಮಟ್ಟಿಗೆ ಈ ಕೊರತೆ ಸಹ್ಯವಾಯಿತು. ಅದರ ಅನುಭವ ವ್ಯರ್ಥವಾಗಲೂ ಇಲ್ಲ. 1943ರಲ್ಲಿ ಷಿಕಾಗೋದ ಶಾಲಾ ಮಂಡಲಿ ತನ್ನದೇ ಬಾನುಲಿ ಕೇಂದ್ರವನ್ನು ಆರಂಭಿಸಿತು.

ಷಿಕಾಗೋದಲ್ಲಿ ಶಾಲೆ ತಾತ್ಕಾಲಿಕವಾಗಿ ಮುಚ್ಚಿತ್ತು. ಆಸ್ಟ್ರೇಲಿಯದ ನಡುನಾಡಿನಲ್ಲಿ ಶಾಲೆಯೇ ಇರಲಿಲ್ಲ. ಅಲ್ಲಿ ಒಂದು ದನಗಾವಲಿನ ಮನೆಗೂ ಇನ್ನೊಂದಕ್ಕೂ ನಡುವೆ ನೂರಾರು ಮೈಲಿಗಳ ಅಂತರ. ಅಂಥ ಮನೆಗಳ ಮಕ್ಕಳಿಗೆ ಅಂಚೆಯಲ್ಲಿ ಪಾಠಗಳು ಬರುತ್ತಿದ್ದವು. ಬರೆದು ಕಳುಹಿದ ಉತ್ತರ ತಿದ್ದುಪಡಿಯಾಗಿ ಮರಳುವ ವೇಳೆಗೆ ಮಗು ಪ್ರಶ್ನೆಯನ್ನೇ ಮರೆತಿರುತ್ತಿತ್ತು. ಅದೇ ಪ್ರದೇಶದಲ್ಲಿ ಹಾರುವ ವೈದ್ಯರ ಸೇವೆಗಾಗಿ, ಆಲ್ಫ್ರೆಡ್ ಟ್ರೇಗರ್ ಎಂಬ ತಂತ್ರಜ್ಞ ಕಾಲಿನಿಂದ ತುಳಿದು ವಿದ್ಯುತ್ತು ಹುಟ್ಟಿಸುವ ಬಾನುಲಿ ಯಂತ್ರವನ್ನು ರೂಪಿಸಿದ್ದ. ರೋಗಿಯ ಸ್ಥಿತಿಯನ್ನು ವೈದ್ಯರಿಗೆ ತಿಳಿಸಬೇಕಾದ್ದರಿಂದ ಅದು ಕೇಳುವುದಕ್ಕೆ ಮಾತ್ರವಲ್ಲದೆ ಮಾತಾಡುವುದಕ್ಕೂ ಒದಗುವ ಯಂತ್ರ. ಅಡಿಲೇಡಿನ ಶಿಕ್ಷಣತಜ್ಞೆ ಅಡಿಲೇಡ್ ಮೀತ್ಕೆ ಆ ಮನೆಗಳ ಮಕ್ಕಳು ಈ ಯಂತ್ರವನ್ನು ನಿರ್ಭಯವಾಗಿ ಬಳಸುವುದನ್ನು ಗಮನಿಸಿ, ಇದರಿಂದಲೇ ಶಾಲೆ ನಡೆಸಬಹುದಲ್ಲವೆ ಎಂದು ಸೂಚಿಸಿದರು. 1951ರ ಜೂನಿನಲ್ಲಿ ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿನಿಂದ ‘ಗಾಳಿಯ ಶಾಲೆ’ ವಿಧ್ಯುಕ್ತವಾಗಿ ಆರಂಭವಾಯಿತು.

ಆ ಶಾಲೆಯ ಚರಿತ್ರೆಯಲ್ಲಿ ನನಗೆ ಅತ್ಯಂತ ಅರ್ಥವತ್ತಾಗಿ ತೋರುವ ಸಂಗತಿ ಚಿಕ್ಕದು. ಮೊದಲು ಪಾಠಗಳು ಏಕಮುಖವಾಗಿದ್ದವು. ಮಕ್ಕಳು ಕೇಳಬೇಕು, ಅಷ್ಟೆ. ಬೇಗನೆ ಪ್ರತಿ ಪಾಠದ ಕೊನೆಯಲ್ಲಿ ಪ್ರಶ್ನೋತ್ತರದ ಹೊತ್ತನ್ನು ಸೇರಿಸಲಾಯಿತು. ಆ ನಾಲ್ಕಾರು ನಿಮಿಷಗಳಲ್ಲಿ, ಒಬ್ಬರನ್ನೊಬ್ಬರು ಎಂದೂ ಕಾಣದ ಮಕ್ಕಳು ಹೆಸರು ಹೇಳಿ ಉತ್ತರ ಕೊಟ್ಟರು. ಉಳಿದವರು ಅದನ್ನು ಕೇಳಿಸಿಕೊಂಡರು. ಬಾನುಲಿ ಕಾರ್ಯಕ್ರಮವು ಶಾಲೆಯಾಗಿ ಮಾರ್ಪಟ್ಟುದು ಆಗಲೇ ಎಂದರೆ ಅತಿಶಯೋಕ್ತಿಯಾಗದು. ಜೊತೆಗೆ ಪ್ರತಿ ಮನೆಯಲ್ಲಿಯೂ ತಾಯಿಯೋ ನೇಮಿಸಿಕೊಂಡ ಶಿಕ್ಷಕಿಯೋ ಮಗುವಿನ ಪಕ್ಕದಲ್ಲಿ ಕುಳಿತಿರುತ್ತಿದ್ದಳು. ದೂರಶಿಕ್ಷಣವೆಂದು ನಾವು ಕರೆಯುವ ವ್ಯವಸ್ಥೆಯ ಬೆನ್ನೆಲುಬು ವಾಸ್ತವವಾಗಿ ಹತ್ತಿರದಲ್ಲಿ ಕುಳಿತ ಈ ವ್ಯಕ್ತಿ. ಯಂತ್ರದ ಚರಿತ್ರೆ ಬರೆಯುವವರು ಆಕೆಯನ್ನು ಅಡಿಟಿಪ್ಪಣಿಗೆ ತಳ್ಳುವುದು ವಾಡಿಕೆ.

ಏಕಮುಖವಾದ ಬಾನುಲಿಗೇ ಕಿವಿ ಹಚ್ಚುವ ಒಂದು ಪ್ರಯತ್ನವೂ ನಡೆಯಿತು. 1970ರ ದಶಕದಲ್ಲಿ ನಿಕರಾಗುವಾ ದೇಶದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ವಾಂಸರು ಗಣಿತದ ಬಾನುಲಿ ಪಾಠಗಳನ್ನು ರಚಿಸಿದಾಗ, ಪ್ರತಿ ಪ್ರಶ್ನೆಯ ಅನಂತರ ಅಳತೆಮಾಡಿ ಮೌನವನ್ನು ಬಿಟ್ಟರು. ಆ ಮೌನದಲ್ಲಿ ಮಕ್ಕಳು ಗಟ್ಟಿಯಾಗಿ ಉತ್ತರ ಹೇಳಬೇಕು. ಒಡನೆಯೇ ಬಾನುಲಿ ಸರಿಯುತ್ತರವನ್ನು ಕೊಡುತ್ತದೆ. ಯಂತ್ರ ಕೇಳಿಸಿಕೊಳ್ಳುವುದಿಲ್ಲ ನಿಜ, ಕೇಳಿಸಿಕೊಂಡಂತೆ ಕಾಯುತ್ತದೆ. ಈ ಪದ್ಧತಿಯೇ ಮುಂದೆ ಅನೇಕ ದೇಶಗಳಿಗೆ ಹಬ್ಬಿ, ಈ ಶತಮಾನದ ಮೊದಲ ವರ್ಷಗಳಲ್ಲಿ ಕರ್ನಾಟಕದ ಶಾಲಾ ಬಾನುಲಿಗೂ ಬಂದಿತು. ‘ಚಿನ್ನರ ಚುಕ್ಕಿ’ಯಂಥ ಕಾರ್ಯಕ್ರಮಗಳನ್ನು ಕೇಳಿ ಬೆಳೆದವರು ಈಗ ಯುವಕರಾಗಿದ್ದಾರೆ. ಅದಕ್ಕೂ ಮೊದಲು, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ದೂರದರ್ಶನ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪಾಠಗಳು ಆಕಾಶದಿಂದ ಇಳಿದವು. ಬೆಳಗಿನ ಒಂದೂವರೆ ಗಂಟೆಯನ್ನು ಹಿಂದಿ, ಕನ್ನಡ, ಒಡಿಯಾ, ತೆಲುಗುಗಳಿಗೆ ಸಮನಾಗಿ ಹಂಚಿದುದರಿಂದ ಕನ್ನಡದ ಪಾಲಿಗೆ ಇಪ್ಪತ್ತೆರಡೂವರೆ ನಿಮಿಷ ಬಂದಿತು. ಗುಲ್ಬರ್ಗಾ, ರಾಯಚೂರು, ಬಿಜಾಪುರಗಳ ಮಕ್ಕಳು ನೋಡಿದರು. ನೋಡಿದ್ದನ್ನು ಯಾರಿಗಾದರೂ ಒಪ್ಪಿಸಿದರೇ ಎಂಬುದು ಆಯಾ ಊರಿನ ಉಪಾಧ್ಯಾಯರ ಉತ್ಸಾಹವನ್ನು ಅವಲಂಬಿಸಿತ್ತು.

ಇಷ್ಟು ಪೂರ್ವಚರಿತ್ರೆ ಕಣ್ಣ ಮುಂದಿದ್ದರೂ 2020ರಲ್ಲಿ ನಾವು ಮತ್ತೆ ಸಾಧನದ ಪ್ರಶ್ನೆಯಿಂದಲೇ ಹೊರಟೆವು. ಹೇಳುವ ಸಾಮರ್ಥ್ಯಕ್ಕೇನೂ ಕೊರತೆಯಿರಲಿಲ್ಲ. ಕೇರಳ ಜೂನ್ 1ರಂದೇ ‘ಫಸ್ಟ್ ಬೆಲ್’ ಎಂಬ ಹೆಸರಿನಲ್ಲಿ ತನ್ನ ವಿಕ್ಟರ್ಸ್ ವಾಹಿನಿಯಲ್ಲಿ ಪಾಠಗಳನ್ನು ಆರಂಭಿಸಿತು. ಕರ್ನಾಟಕ ಜುಲೈ ತಿಂಗಳಿನಲ್ಲಿ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಪಾಠಗಳನ್ನು ಬಿತ್ತರಿಸತೊಡಗಿತು. ಮಹಾರಾಷ್ಟ್ರದಲ್ಲಿ ಸಹ್ಯಾದ್ರಿ ವಾಹಿನಿಯ ಮೂಲಕ ಚಿಕ್ಕ ತರಗತಿಗಳಿಗೆ ‘ಟಿಲಿಮಿಲಿ’ ಬಂದಿತು. ಖಾಸಗಿ ಶಾಲೆಗಳು ಅಂತರ್ಜಾಲದ ಮೊರೆಹೊಕ್ಕವು. ಆ ವರ್ಷದ ಸೆಪ್ಟೆಂಬರಿನಲ್ಲಿ ‘ಅಸರ್’ ಸಂಸ್ಥೆ ಗ್ರಾಮೀಣ ಭಾರತದಲ್ಲಿ ದೂರವಾಣಿಯ ಮೂಲಕ ನಡೆಸಿದ ಸಮೀಕ್ಷೆಯ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಸ್ಮಾರ್ಟ್‌ಫೋನು ಇದ್ದ ಮನೆಗಳ ಪ್ರಮಾಣ 2018ರಲ್ಲಿ ನೂರಕ್ಕೆ 36ರಷ್ಟಿದ್ದುದು ಈಗ 61ನ್ನು ಮೀರಿತ್ತು. ಆದರೆ ಸಮೀಕ್ಷೆಯ ಹಿಂದಿನ ವಾರದಲ್ಲಿ ಶಾಲೆಯಿಂದ ಯಾವುದಾದರೊಂದು ಪಾಠಸಾಮಗ್ರಿ ತಲಪಿದುದು ಮೂರರಲ್ಲಿ ಒಂದು ಮಗುವಿಗೆ ಮಾತ್ರ. ಅದೇ ಸಮೀಕ್ಷೆಯಂತೆ ನೂರಕ್ಕೆ 80ರಷ್ಟು ಮಕ್ಕಳ ಕೈಯಲ್ಲಿ ಆ ತರಗತಿಯ ಪಠ್ಯಪುಸ್ತಕವಿತ್ತು. ಎಲ್ಲ ಯಂತ್ರಗಳಿಗಿಂತ ಹೆಚ್ಚು ಮನೆಗಳನ್ನು ಮುಟ್ಟಿದ ಸಾಧನ ಅಚ್ಚಿನ ಪುಸ್ತಕವೇ ಆಗಿತ್ತು. ಅದನ್ನು ಹಿಡಿದು ಕುಳಿತ ಮಗುವಿನ ಎದುರು ಯಾರೂ ಇರಲಿಲ್ಲವೆಂಬುದು ಬೇರೆ ಮಾತು.

ಈ ಕಾಲದ ಎರಡು ಗೋಡೆಗಳ ಕಥೆ ನನ್ನ ವಾದಕ್ಕೆ ಒಳ್ಳೆಯ ದೃಷ್ಟಾಂತ. ಕನ್ನಡಿಗರಿಗೆ ಚಿರಪರಿಚಿತವಾದ ಸೊಲ್ಲಾಪುರದಲ್ಲಿ, ಮಗ್ಗದ ಕೆಲಸಗಾರರು ವಾಸಿಸುವ ನೀಲಮನಗರದಲ್ಲಿ, ಒಂದು ಶಾಲೆಯವರು ಬೀದಿಯ ನೂರಾರು ಗೋಡೆಗಳ ಮೇಲೆ ಪಾಠಗಳನ್ನು ಬಣ್ಣದಲ್ಲಿ ಬರೆಯಿಸಿದರು. ಓಡಾಡುವ ಮಕ್ಕಳ ಕಣ್ಣಿಗೆ ಅಕ್ಷರ, ಮಗ್ಗಿ, ವ್ಯಾಕರಣ ಸದಾ ಬೀಳಲೆಂಬುದು ಉದ್ದೇಶ. ಜಾರ್ಖಂಡದ ದುಮ್ಕಾ ಜಿಲ್ಲೆಯ ಡುಮರ್‌ಥರ್ ಎಂಬ ಸಂತಾಲ ಹಳ್ಳಿಯಲ್ಲಿ ಮಣ್ಣಿನ ಮನೆಗಳ ಹೊರಗೋಡೆಗೆ ಕಪ್ಪು ಹಲಗೆಗಳನ್ನು ಬಳಿದು, ಒಂದೊಂದು ಮಗುವಿಗೆ ಒಂದೊಂದನ್ನು ಬಿಟ್ಟುಕೊಟ್ಟರು. ಉಪಾಧ್ಯಾಯರು ಧ್ವನಿವರ್ಧಕ ಹಿಡಿದು ಬೀದಿಯಲ್ಲಿ ಪಾಠ ಹೇಳಿದರು. ಮಕ್ಕಳು ದೂರದೂರ ಕುಳಿತು ತಮ್ಮ ತಮ್ಮ ಹಲಗೆಯ ಮೇಲೆ ಉತ್ತರ ಬರೆದರು. ಉಪಾಧ್ಯಾಯರು ನಡೆದಾಡಿ ನೋಡಿದರು. ಎರಡೂ ಸ್ತುತ್ಯವಾದ ಯತ್ನಗಳೇ. ಆದರೂ ಸೊಲ್ಲಾಪುರದ ಗೋಡೆ ಮಗುವಿಗೆ ಹೇಳಿತು. ದುಮ್ಕಾದ ಗೋಡೆಗೆ ಮಗು ಒಪ್ಪಿಸಿತು. ಬಣ್ಣಕ್ಕಿಂತ ಸೀಮೆಸುಣ್ಣ ಹೆಚ್ಚು ಕೆಲಸ ಮಾಡುತ್ತದೆಂದು ನನ್ನ ನಂಬಿಕೆ.

ಕರ್ನಾಟಕ ಸರ್ಕಾರ 2020ರ ಆಗಸ್ಟಿನಲ್ಲಿ ಆರಂಭಿಸಿದ ‘ವಿದ್ಯಾಗಮ’ ಯೋಜನೆ ಈ ತತ್ವಕ್ಕೆ ಅತಿ ಸಮೀಪದ್ದು. ಮಕ್ಕಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ಯಾವ ಫೋನೂ ಇಲ್ಲದ ಮನೆಯವರು, ಅಂತರ್ಜಾಲವಿಲ್ಲದ ಸಾಧಾರಣ ಮೊಬೈಲು ಉಳ್ಳವರು, ಅಂತರ್ಜಾಲ ಸಹಿತವಾದ ಸ್ಮಾರ್ಟ್‌ಫೋನು ಉಳ್ಳವರು. ಏನೂ ಇಲ್ಲದವರನ್ನು ಮೊದಲು ಹುಡುಕಬೇಕೆಂಬ ವಿವೇಕ ಈ ವಿಂಗಡಣೆಯಲ್ಲಿತ್ತು. ಉಪಾಧ್ಯಾಯರು ಓಣಿಗಳಿಗೆ ಹೋಗಿ, ಗುಡಿಯ ಪಡಸಾಲೆ, ಸಮುದಾಯ ಭವನ, ಅರಳಿಕಟ್ಟೆ, ಮರದ ನೆರಳು ಎಲ್ಲಿ ಸ್ಥಳ ಸಿಕ್ಕಿದರೆ ಅಲ್ಲಿ ಸಣ್ಣ ಸಣ್ಣ ಗುಂಪುಗಳನ್ನು ಕೂಡಿಸಿ ಕೆಲಸ ಕೊಟ್ಟು, ಮುಂದಿನ ಭೇಟಿಯಲ್ಲಿ ನೋಡುತ್ತಿದ್ದರು. ವೃತ್ತಪತ್ರಿಕೆಗಳು ‘ವಠಾರ ಶಾಲೆ’ ಎಂಬ ಚೆಂದದ ಹೆಸರನ್ನೂ ಬಳಸಿದವು. ಆದರೆ ಉಪಾಧ್ಯಾಯರೂ ಮಕ್ಕಳೂ ಸೋಂಕಿಗೆ ಒಳಗಾದ ವರದಿಗಳು ಬಂದವು. ಅಕ್ಟೋಬರಿನಲ್ಲಿ ಯೋಜನೆಯನ್ನು ತಡೆಹಿಡಿದು, 2021ರ ಜನವರಿ 1ರಿಂದ ಶಾಲೆಯ ಆವರಣದಲ್ಲಿ ಮತ್ತೆ ಆರಂಭಿಸಿದರು. ತಡೆಹಿಡಿದುದು ತಪ್ಪೆಂದು ದೂರದಲ್ಲಿ ಕುಳಿತು ತೀರ್ಪು ಕೊಡುವುದು ಸುಲಭ. ಪ್ರಾಣಭಯ ನಿಜವಾಗಿದ್ದಿತು. ಒಪ್ಪಿಸಿಕೊಳ್ಳುವುದಕ್ಕೆ ಮನುಷ್ಯನೇ ಬೇಕು. ಮನುಷ್ಯ ಬಂದರೆ ರೋಗವೂ ಬರಬಹುದು. ಆ ವರ್ಷದ ಕ್ಲೇಶವೆಲ್ಲ ಈ ಎರಡು ವಾಕ್ಯಗಳ ನಡುವೆ ಸಿಕ್ಕಿಕೊಂಡಿತ್ತು.

ಈ ಇಕ್ಕಟ್ಟಿನಿಂದ ಪಾರಾಗುವ ದಾರಿಯೊಂದನ್ನು ತೋರಿಸಿಕೊಟ್ಟುದು ಆಫ್ರಿಕದ ಬೋಟ್ಸ್ವಾನ. ಅಲ್ಲಿ 2020ರಲ್ಲಿ ಸುಮಾರು 4,500 ಕುಟುಂಬಗಳನ್ನು ಚೀಟಿ ಎತ್ತಿದಂತೆ ಮೂರು ಪಾಲು ಮಾಡಿದರು. ಒಂದು ಪಾಲಿನ ಮನೆಗಳಿಗೆ ವಾರಕ್ಕೊಮ್ಮೆ ಕೆಲವು ಲೆಕ್ಕಗಳನ್ನು ಮೊಬೈಲಿನ ಸಂದೇಶವಾಗಿ ಕಳುಹಿದರು. ಇನ್ನೊಂದು ಪಾಲಿಗೆ ಆ ಸಂದೇಶದ ಜೊತೆಗೆ ಹದಿನೈದು ಇಪ್ಪತ್ತು ನಿಮಿಷಗಳ ಒಂದು ಫೋನು ಕರೆ: ಶಿಕ್ಷಕ ಸಹಾಯಕರು ತಾಯ್ತಂದೆಯರನ್ನೂ ಮಗುವನ್ನೂ ಒಟ್ಟಿಗೆ ಕೂಡಿಸಿ, ಲೆಕ್ಕ ಮಾಡಿಸಿ, ಎಲ್ಲಿ ತಪ್ಪಿತೆಂದು ಕೇಳುತ್ತಿದ್ದರು. ಮೂರನೆಯ ಪಾಲಿಗೆ ಏನನ್ನೂ ಕೊಡಲಿಲ್ಲ. ಕೆಲವು ತಿಂಗಳುಗಳ ತರುವಾಯ ಪರೀಕ್ಷಿಸಿದಾಗ, ಬರಿಯ ಸಂದೇಶದಿಂದ ಹೇಳಿಕೊಳ್ಳುವಂಥ ಲಾಭವಾಗಿರಲಿಲ್ಲ. ಕರೆಯೂ ಸೇರಿದ ಮನೆಗಳ ಮಕ್ಕಳು ಗಣಿತದಲ್ಲಿ ಸ್ಪಷ್ಟವಾಗಿ ಮುಂದಾಗಿದ್ದರು. 2022ರಲ್ಲಿ ಪ್ರಕಟವಾದ ಈ ಸಂಶೋಧನೆಯನ್ನು ಅನಂತರ ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ಪರೀಕ್ಷಿಸಿದಾಗಲೂ ಕರೆಯ ಹಿರಿಮೆ ಸ್ಥಿರಪಟ್ಟಿತು. ಆ ಮೊಬೈಲು ಅತಿ ಸಾಧಾರಣವಾದುದು, ಚಿತ್ರವಿಲ್ಲ, ಅಂತರ್ಜಾಲವಿಲ್ಲ. ಆದರೆ ಅದರ ಇನ್ನೊಂದು ತುದಿಯಲ್ಲಿ ‘ಹೇಳು ಮಗು, ಹೇಗೆ ಮಾಡಿದೆ?’ ಎಂದು ಕೇಳುವ ಒಬ್ಬರಿದ್ದರು.

ಒಪ್ಪಿಸಿಕೊಳ್ಳುವವರಿಲ್ಲದೆ ಕಳೆದ ಕಾಲದ ಬೆಲೆಯೆಷ್ಟೆಂಬುದನ್ನೂ ಇಲ್ಲಿ ಹೇಳಬೇಕು. 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಒಳಗೊಂಡ ಐದು ರಾಜ್ಯಗಳ ಸರ್ಕಾರಿ ಶಾಲೆಗಳಲ್ಲಿ 16,067 ಮಕ್ಕಳನ್ನು ಪರಿಶೀಲಿಸಿತು. ಹಿಂದಿನ ವರ್ಷ ಬಲ್ಲ ಭಾಷಾಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡ ಮಕ್ಕಳು ನೂರಕ್ಕೆ 92. ಗಣಿತದಲ್ಲಿ ಹಾಗೆ ಕಳೆದುಕೊಂಡವರು 82. ಹೊಸದನ್ನು ಕಲಿಯದಿರುವುದು ಒಂದು ನಷ್ಟ. ಕಲಿತದ್ದು ಕೈಜಾರುವುದು ಅದಕ್ಕಿಂತ ದೊಡ್ಡ ನಷ್ಟ. ಅದೇ ವರ್ಷದ ಆರಂಭದಲ್ಲಿ ಗ್ರಾಮೀಣ ಕರ್ನಾಟಕದಲ್ಲಿ ನಡೆದ ‘ಅಸರ್’ ಸಮೀಕ್ಷೆಯ ಪ್ರಕಾರ, 2ನೆಯ ತರಗತಿಯ ಮಟ್ಟದ ವಾಕ್ಯಗಳನ್ನು ಓದಬಲ್ಲ 3ನೆಯ ತರಗತಿಯ ಮಕ್ಕಳ ಪ್ರಮಾಣ 2018ಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. 2021ರ ಆಗಸ್ಟಿನಲ್ಲಿ 15 ರಾಜ್ಯಗಳ ಸುಮಾರು 1,400 ಬಡಮಕ್ಕಳನ್ನು ಕುರಿತ ಇನ್ನೊಂದು ಸಮೀಕ್ಷೆ, ಹಳ್ಳಿಗಳಲ್ಲಿ ನಿಯಮಿತವಾಗಿ ಅಂತರ್ಜಾಲದ ಪಾಠ ಕೇಳುತ್ತಿದ್ದವರು ನೂರಕ್ಕೆ 8 ಮಾತ್ರವೆಂದೂ, 37 ಮಕ್ಕಳು ಓದನ್ನೇ ನಿಲ್ಲಿಸಿದ್ದರೆಂದೂ ತಿಳಿಸಿತು.

ಶಾಲೆ ತೆರೆದ ಮೇಲೆ ಇದು ತಾನಾಗಿಯೇ ಸರಿಹೋಗುವುದಿಲ್ಲವೆ ಎಂದು ಕೇಳುವವರಿಗೆ ಪಾಕಿಸ್ತಾನದ ಒಂದು ಅನುಭವ ಉತ್ತರ ಕೊಡುತ್ತದೆ. 2005ರ ಅಕ್ಟೋಬರ್ 8ರ ಭೂಕಂಪದಲ್ಲಿ ಅಲ್ಲಿನ ಉತ್ತರಭಾಗದ ಶಾಲೆಗಳು ಸುಮಾರು 14 ವಾರ ಮುಚ್ಚಿದ್ದವು. ಮನೆಗಳು ಮತ್ತೆ ಎದ್ದವು, ಪರಿಹಾರ ಬಂದಿತು. ಆದರೂ ನಾಲ್ಕು ವರ್ಷಗಳ ಅನಂತರ ಅಳೆದು ನೋಡಿದಾಗ ಭೂಕಂಪದ ಬಿರುಕಿಗೆ ಹತ್ತಿರದ ಊರುಗಳ ಮಕ್ಕಳು ಒಂದೂವರೆಯಿಂದ ಎರಡು ತರಗತಿಗಳಷ್ಟು ಹಿಂದೆ ಬಿದ್ದಿದ್ದರು. 14 ವಾರಗಳ ಕೊರತೆ ಎರಡು ವರ್ಷವಾಗಿ ಬೆಳೆಯುವುದು ಹೇಗೆ? ಪಾಠ ತಪ್ಪಿದ ಮಗು ಮುಂದಿನ ತರಗತಿಯಲ್ಲಿ ಕುಳಿತಾಗ, ಉಪಾಧ್ಯಾಯರು ಪುಸ್ತಕವನ್ನು ಅದರ ಮೊದಲ ಪುಟದಿಂದ ತೆರೆಯುತ್ತಾರೆಯೇ ಹೊರತು ಮಗು ನಿಂತ ಪುಟದಿಂದಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಕಂಡುಬಂದಿತು. ತಾಯಿ ಕನಿಷ್ಠ ಪ್ರಾಥಮಿಕ ಶಿಕ್ಷಣ ಮುಗಿಸಿದ್ದ ಮನೆಗಳ ಮಕ್ಕಳಲ್ಲಿ ಈ ಹಿನ್ನಡೆ ಇರಲೇ ಇಲ್ಲ. ಪದವಿ ಬೇಕಾಗಿರಲಿಲ್ಲ, ಐದಾರು ತರಗತಿ ಸಾಕಾಗಿತ್ತು. ಆಸ್ಟ್ರೇಲಿಯದ ದನಗಾವಲಿನ ಮನೆಯಲ್ಲಿ ಮಗುವಿನ ಪಕ್ಕ ಕುಳಿತವಳನ್ನು ವಾಚಕರು ಇಲ್ಲಿ ನೆನೆಯಬಹುದು.

ಇಲ್ಲಿಗೆ ಬಂದಾಗ ಭಾಷೆಯ ಪ್ರಶ್ನೆ ತಾನಾಗಿ ಏಳುತ್ತದೆ. ಹೊರನಾಡಿನಲ್ಲಿರುವ ನಮಗೆ ಅದೇ ಹತ್ತಿರದ ಪ್ರಶ್ನೆ. ಮನೆಯಲ್ಲಿ ಒಪ್ಪಿಸಿಕೊಳ್ಳುವವರು ಬೇಕು ಎಂದರೆ ಮಗುವಿನ ಪಾಠದ ಭಾಷೆ ಆ ಮನೆಯವರಿಗೆ ಓದಲು ಬರುವ ಭಾಷೆಯಾಗಿರಬೇಕು ಎಂದಾಯಿತು. ಪಾಕಿಸ್ತಾನದ ಅಧ್ಯಯನ ಭಾಷೆಯ ಮಾತನ್ನೆತ್ತುವುದಿಲ್ಲ. ಇದು ನನ್ನ ಅನುಮಾನ. ಆದರೆ ಊರಿನ ಶಾಲೆಯಲ್ಲಿ 7ನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಮದುವೆಯಾಗಿ ಮುಂಬಯಿಗೋ ಪುಣೆಗೋ ಬಂದ ತಾಯಿಯನ್ನು ಊಹಿಸಿಕೊಳ್ಳಿ. ಮಗು ಇಂಗ್ಲಿಷ್ ಮಾಧ್ಯಮದಲ್ಲಿದೆ. ಶಾಲೆ ನಡೆಯುವಾಗ ಈ ಅಂತರ ಅಷ್ಟಾಗಿ ಬಾಧಿಸುವುದಿಲ್ಲ. ಶುಲ್ಕ ಕೊಟ್ಟು ಟ್ಯೂಷನ್ನಿಗೆ ಕಳುಹಿಸಬಹುದು. ಶಾಲೆ ಮುಚ್ಚಿ, ಟ್ಯೂಷನ್ನೂ ನಿಂತಾಗ, ಪಾಠವನ್ನು ಒಪ್ಪಿಸಿಕೊಳ್ಳಬಲ್ಲವಳಾಗಿದ್ದ ತಾಯಿ ತನ್ನ ಮನೆಯಲ್ಲಿಯೇ ನಿರಕ್ಷರಿಯಾಗುತ್ತಾಳೆ. ಮಾತೃಭಾಷಾ ಮಾಧ್ಯಮವನ್ನು ಕುರಿತ ನಮ್ಮ ಚರ್ಚೆಗಳಲ್ಲಿ ಅಭಿಮಾನದ ಮಾತು ಹೆಚ್ಚು. ಈ ಬಗೆಯ ವ್ಯಾವಹಾರಿಕ ಕಾರಣದ ಕಡೆಗೆ ಗಮನ ಕಡಿಮೆ.

ಕನ್ನಡ ಮಾಧ್ಯಮದಲ್ಲಿಯೇ ಓದುವ ಹೊರನಾಡ ಮಕ್ಕಳಿಗೆ ತೊಂದರೆ ಇನ್ನೊಂದು ಬಗೆಯದು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅಲ್ಲಿನ ಕನ್ನಡ ಶಾಲೆಗಳು ಇಂದಿಗೂ ಕೇರಳದ ಪಠ್ಯಕ್ರಮವನ್ನೇ ಕನ್ನಡದಲ್ಲಿ ಕಲಿಸುತ್ತವೆ. ‘ಫಸ್ಟ್ ಬೆಲ್’ ಮುಖ್ಯ ವಾಹಿನಿಯಲ್ಲಿ ಮಲಯಾಳದಲ್ಲಿ ಬಂದಾಗ, ಕನ್ನಡದ ಪಾಠಗಳನ್ನು ಅಂತರ್ಜಾಲದ ಬೇರೊಂದು ವಾಹಿನಿಯಲ್ಲಿ ಒದಗಿಸಲಾಯಿತು. ಒದಗಿಸಿದುದು ಮೆಚ್ಚತಕ್ಕ ಕೆಲಸ. ಆದರೆ ದೂರದರ್ಶನವಿದ್ದು ಅಂತರ್ಜಾಲವಿಲ್ಲದ ಮನೆಯಲ್ಲಿ ಮಲಯಾಳದ ಮಗುವಿಗೆ ಪಾಠ ಸಿಕ್ಕೀತು, ಕನ್ನಡದ ಮಗುವಿಗೆ ಸಿಕ್ಕದು. ಕರ್ನಾಟಕದ ಚಂದನ ವಾಹಿನಿ ಗಡಿ ದಾಟಿ ಅಲ್ಲಿಗೂ ತಲಪುತ್ತದೆ. ಅದರ ಪಠ್ಯಕ್ರಮ ಬೇರೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳ ಕನ್ನಡ ಶಾಲೆಗಳ ಪಾಡೂ ಇದಕ್ಕೆ ಸಮೀಪದ್ದೇ: ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಅಚ್ಚುಮಾಡುತ್ತದೆ, ಆದರೆ ‘ಟಿಲಿಮಿಲಿ’ ಮಾತಾಡಿದುದು ಮರಾಠಿಯಲ್ಲಿ. ಬಿತ್ತರಿಸುವ ಸಾಧನಗಳ ಸ್ವಭಾವವೇ ಹೀಗೆ. ಒಂದೇ ಧ್ವನಿ ಬಹುಮಂದಿಗೆ ಕೇಳುವುದರಲ್ಲಿಯೇ ಅವುಗಳ ಮಿತವ್ಯಯವಿದೆ. ಆದ್ದರಿಂದ ಅವು ಬಹುಮಂದಿಯ ಭಾಷೆಯನ್ನೇ ಆಡುತ್ತವೆ. ಅಲ್ಪಸಂಖ್ಯಾತ ಭಾಷೆಯ ಮಗುವಿಗೆ ಕಡೆಯ ಸರದಿ. ಒಪ್ಪಿಸಿಕೊಳ್ಳುವವನಿಗೆ ಈ ನಿರ್ಬಂಧವಿಲ್ಲ. ಅವನು ಒಂದು ಮಗುವಿನೊಡನೆ ಮಾತಾಡುವವನು, ಯಾವ ಭಾಷೆಯಲ್ಲಾದರೂ ಆಡಬಲ್ಲನು.

ಇದನ್ನು ನಮ್ಮ ಸಂಘಗಳ ಹಿರಿಯರು ಶಾಸ್ತ್ರ ಓದಿ ತಿಳಿದವರಲ್ಲ. ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಯಾರಿಗಾಗಿ ಹುಟ್ಟಿದವೆಂಬುದು ವಾಚಕರಿಗೆ ಗೊತ್ತಿರುವ ವಿಷಯವೇ. ಹಗಲು ಹೋಟೆಲಿನಲ್ಲಿ ದುಡಿಯುವ ಹುಡುಗನಿಗೆ ಹಗಲಿನ ಶಾಲೆಯೆಲ್ಲ ಮುಚ್ಚಿದ ಶಾಲೆಯೇ. ಅವನಿಗೆ ಬೇಕಾದುದು ಪುಸ್ತಕಕ್ಕಿಂತ ಹೆಚ್ಚಾಗಿ, ರಾತ್ರಿಯ ಹೊತ್ತಿನಲ್ಲಿ ತನ್ನ ಓದನ್ನು ಕೇಳಿಸಿಕೊಳ್ಳುವ ಒಬ್ಬ ಮೇಷ್ಟರು. ಅದನ್ನು ಒದಗಿಸಿದರು, ಅಲ್ಲಿಂದ ಓದಿ ಮೇಲೆ ಬಂದವರು ಈ ನಗರದಲ್ಲಿ ಅನೇಕರಿದ್ದಾರೆ.

ಇಂದು ನಮ್ಮ ಸಂಘಗಳಲ್ಲಿ ರವಿವಾರದ ಕನ್ನಡ ತರಗತಿಗಳಿಗೆ ಬರುವ ಮಕ್ಕಳಿದ್ದಾರೆ. ನಿವೃತ್ತರಾದ ಉಪಾಧ್ಯಾಯರು, ಬ್ಯಾಂಕಿನವರು, ಗೃಹಿಣಿಯರು ಇದ್ದಾರೆ. ಮುಂದಿನ ಮಳೆಗೋ ಮಂಜಿಗೋ ರೋಗಕ್ಕೋ ಶಾಲೆ ಮುಚ್ಚಿದಾಗ ಏನು ಮಾಡಬೇಕೆಂಬುದನ್ನು ಈಗಲೇ ಗೊತ್ತುಮಾಡಿಕೊಳ್ಳುವುದು ಕಷ್ಟದ ಕೆಲಸವಲ್ಲ. ಯಾವ ಮನೆಯಲ್ಲಿ ಫೋನು ಹಗಲಿನಲ್ಲಿ ಮನೆಯಲ್ಲಿರುತ್ತದೆ, ಯಾವ ಮನೆಯಲ್ಲಿ ತಂದೆಯ ಜೊತೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತದೆ ಎಂಬ ಪಟ್ಟಿ ಮೊದಲು ಬೇಕು. 2020ರಲ್ಲಿ ಹೆಚ್ಚು ಕಡೆ ಸೋತದ್ದು ಈ ಒಂದು ಲೆಕ್ಕವನ್ನು ಹಾಕದೆ. ಮಗು ಬರೆಯುವುದಕ್ಕೆ ಒಂದು ನೋಟುಪುಸ್ತಕ, ಒಪ್ಪಿಸಿಕೊಳ್ಳುವವರ ಕೈಯಲ್ಲಿ ಅದೇ ಪಠ್ಯಪುಸ್ತಕದ ಇನ್ನೊಂದು ಪ್ರತಿ. ಮಗು ಒಂದು ಪುಟವನ್ನು ಗಟ್ಟಿಯಾಗಿ ಓದಬೇಕು, ಎರಡು ಲೆಕ್ಕಗಳನ್ನು ಮಾಡಿದ ರೀತಿಯನ್ನು ಬಾಯಲ್ಲಿ ಹೇಳಬೇಕು. ತಪ್ಪಿದಲ್ಲಿ ಉತ್ತರ ಹೇಳಿಬಿಡದೆ ಹಿಂದಿನ ಹೆಜ್ಜೆಗೆ ಕರೆದೊಯ್ಯಬೇಕು. ತಾಯಿಯೂ ಕೇಳುತ್ತ ಕುಳಿತರೆ ಒಳ್ಳೆಯದು. ನಾಲ್ಕು ವಾರಗಳಲ್ಲಿ ಅರ್ಧ ಕೆಲಸವನ್ನು ಆಕೆಯೇ ವಹಿಸಿಕೊಳ್ಳುತ್ತಾಳೆ. ಬೋಟ್ಸ್ವಾನದ ಅಳತೆಯನ್ನೇ ಹಿಡಿದರೆ ಮಗುವೊಂದಕ್ಕೆ ವಾರಕ್ಕೆ 20 ನಿಮಿಷ. ಐದು ಮಕ್ಕಳನ್ನು ವಹಿಸಿಕೊಂಡವರಿಗೆ ವಾರದಲ್ಲಿ ಎರಡು ಗಂಟೆಯೂ ಹಿಡಿಯದು. ಇಪ್ಪತ್ತು ಮಂದಿ ಮುಂದೆ ಬಂದರೆ ನೂರು ಮಕ್ಕಳಾದರು.